ದ್ವೀಪದ ಸುತ್ತ ಗೋಡೆ ಕಟ್ಟಿದರೆ ಸಾಕಾ? ಮಾಲ್ಡೀವ್ಸ್‌ನ ಟೀಚರ್ ಒಬ್ಬರಿಗೆ ಉತ್ತರ

ಪ್ರಶ್ನೆ: ನಾನು ಕುಂದಾಪುರದವಳು. ಎರಡು ವರ್ಷದಿಂದ ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಈ ತುದಿಯಿಂದ ಆ ತುದಿಗೆ ನಡೆದರೆ ಹದಿನೈದು ನಿಮಿಷ, ಅಷ್ಟೇ ದ್ವೀಪ. ಹೋದ ಮಳೆಗಾಲದಲ್ಲಿ ಗಾಳಿ ಮಳೆ ಏನೂ ಇಲ್ಲದ ಒಂದು ದಿನ ಸಮುದ್ರ ಉಕ್ಕಿ ಶಾಲೆಯ ಅಂಗಳಕ್ಕೆ ನೀರು ಬಂತು. ಪಶ್ಚಿಮದ ಕಡೆ ತೆಂಗಿನಮರಗಳು ಒಂದೊಂದಾಗಿ ಬೀಳುತ್ತಿವೆ. ರಾಜಧಾನಿ ಮಾಲೆಯಲ್ಲಿ ಇರುವ ಹಾಗೆ ಸುತ್ತಲೂ ಗೋಡೆ ಬೇಕು ಅಂತ ಊರಿನವರು ಕೇಳುತ್ತಿದ್ದಾರೆ. ಗೋಡೆ ಕಟ್ಟಿದರೆ ಸುನಾಮಿಯೂ ಸೇರಿ ಎಲ್ಲದಕ್ಕೂ ಸಾಕಾಗುತ್ತದಾ? ಟೀಚರಾಗಿ ನಾನು ಏನಾದರೂ ಮಾಡಬಹುದಾ? ಅಮ್ಮ ಊರಿಂದ ಫೋನ್ ಮಾಡಿದಾಗಲೆಲ್ಲ ‘ಬಿಟ್ಟು ಬಾ’ ಅನ್ನುತ್ತಾರೆ.

ಉತ್ತರ:

ಟೀಚರೇ, ನಿಮ್ಮ ಪ್ರಶ್ನೆ ಓದಿ ನನಗೆ ಮೊದಲು ನೆನಪಾಗಿದ್ದು ನಮ್ಮ ಉಳ್ಳಾಲ. ಕಡಲ್ಕೊರೆತ ಅಂದರೆ ಏನು ಅಂತ ಕುಂದಾಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲ ಬಂತು, ಮನೆ ಹೋಯ್ತು, ಲಾರಿಯಲ್ಲಿ ಬಂಡೆಕಲ್ಲು ತಂದು ಸುರಿದರು, ಮುಂದಿನ ವರ್ಷ ಕಲ್ಲೇ ಮರಳಲ್ಲಿ ಇಳಿದುಹೋಯ್ತು. ಇದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ನನ್ನ ಕೆಲಸದ ಬಹುಪಾಲು ಇದರಲ್ಲೇ ಕಳೆದಿದೆ.

ಹಾಗಾಗಿ ನೇರವಾಗಿ ಹೇಳುತ್ತೇನೆ. ಗೋಡೆಯಿಂದ ಶುರು ಮಾಡಬೇಡಿ. ಗೋಡೆ ಬೇಡವೇ ಬೇಡ ಅಂತಲ್ಲ. ಆದರೆ ನಿಮ್ಮಂಥ ದ್ವೀಪದಲ್ಲಿ ಅದು ಪಟ್ಟಿಯ ಕೊನೆಯಲ್ಲಿ ಬರಬೇಕಾದ ಸಾಮಾನು. ಅದಕ್ಕಿಂತ ಮೊದಲು ಮೂರು ವಿಷಯ ಗಟ್ಟಿಯಾಗಬೇಕು. ಜನ ಹತ್ತಿ ನಿಲ್ಲಲು ಎತ್ತರದ ಜಾಗ, ಕುಡಿಯುವ ನೀರು, ಮತ್ತೆ ಮರಳು ತನ್ನ ಪಾಡಿಗೆ ಓಡಾಡುವ ದಾರಿ.

ಮೊದಲು ಅಂಗಳಕ್ಕೆ ಬಂದ ಆ ನೀರಿನ ವಿಷಯ. ಗಾಳಿ ಇಲ್ಲ, ಮೋಡ ಇಲ್ಲ, ಸಮುದ್ರ ಮಾತ್ರ ಉಕ್ಕಿ ಬರುತ್ತದೆ. ಇದಕ್ಕೆ ನಿಮ್ಮ ದ್ವೀಪದವರು ‘ಉದ’ ಅನ್ನುತ್ತಾರೆ, ಕೇಳಿರಬೇಕು. ಕೇರಳದ ಮೀನುಗಾರರು ಇದೇ ತರಹದ್ದನ್ನು ‘ಕಳ್ಳಕ್ಕಡಲ್’ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು ಅಂತ. ಇದರ ಮೂಲ ನಿಮ್ಮ ಹತ್ತಿರ ಎಲ್ಲೂ ಇಲ್ಲ. ಭೂಮಧ್ಯರೇಖೆ ದಾಟಿ ತುಂಬಾ ಕೆಳಗೆ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ದೊಡ್ಡ ಬಿರುಗಾಳಿ ಎದ್ದಾಗ ಅಲ್ಲಿ ಹುಟ್ಟಿದ ಉದ್ದುದ್ದದ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ, ಕೆಲವು ದಿನ ಬಿಟ್ಟು ನಿಮ್ಮ ದಡಕ್ಕೆ ಬರುತ್ತವೆ. ಅದೇ ಹೊತ್ತಿಗೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರ ಸೇರಿತು ಅಂದರೆ ನೀರು ದಡ ಹತ್ತುತ್ತದೆ. 1987ರ ಏಪ್ರಿಲ್‌ನಲ್ಲಿ ಮಾಲೆಯೇ ಹೀಗೆ ಮುಳುಗಿತ್ತು. 2007ರ ಮೇ ತಿಂಗಳಲ್ಲಿ ಅರವತ್ತಕ್ಕೂ ಜಾಸ್ತಿ ದ್ವೀಪಗಳಿಗೆ ನೀರು ನುಗ್ಗಿತ್ತು.

ಇದರಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಅಲೆ ಬರಲು ದಿನಗಟ್ಟಲೆ ಹಿಡಿಯುವುದರಿಂದ ಅದನ್ನು ಮುಂಚೆಯೇ ಹೇಳಬಹುದು. ಉಬ್ಬರವನ್ನಂತೂ ವರ್ಷ ಮೊದಲೇ ಲೆಕ್ಕ ಹಾಕಬಹುದು. ಎರಡನ್ನೂ ಜೋಡಿಸಿ ನೋಡುವವರು ದ್ವೀಪದಲ್ಲಿ ಒಬ್ಬರಿದ್ದರೆ ‘ಈ ಗುರುವಾರ ಶುಕ್ರವಾರ ಎಚ್ಚರ’ ಅಂತ ಊರಿಗೆ ಹೇಳಬಹುದು. ಅಕ್ಕಿ ಮೂಟೆ ನೆಲದಿಂದ ಮೇಲೆತ್ತಿ ಇಡಬಹುದು, ಜನರೇಟರ್‌ಗೆ ನೀರು ತಾಗದ ಹಾಗೆ ಮಾಡಬಹುದು, ವಯಸ್ಸಾದವರನ್ನು ದಡದ ಮನೆಯಿಂದ ಒಳಗಿನ ಮನೆಗೆ ಕರೆದುಕೊಂಡು ಹೋಗಬಹುದು. ಇದಕ್ಕೆ ಖರ್ಚು ಏನೂ ಇಲ್ಲ, ಅಲ್ವಾ? ಶಾಲೆಯ ಗೋಡೆಗೆ ಒಂದು ಉಬ್ಬರದ ಕ್ಯಾಲೆಂಡರ್, ಪಕ್ಕದಲ್ಲಿ ಮಾಲ್ಡೀವ್ಸ್ ಹವಾಮಾನ ಇಲಾಖೆಯ ಸೂಚನೆ ಬರೆಯಲು ಒಂದು ಬೋರ್ಡ್. ಅಷ್ಟು ಸಾಕು.

ಸುನಾಮಿಯ ಕಥೆ ಬೇರೆ. 2004ರ ಡಿಸೆಂಬರ್ 26ರಂದು ಸುಮಾತ್ರಾ ಹತ್ತಿರ ಭೂಮಿ ನಡುಗಿದಾಗ ಮಾಲ್ಡೀವ್ಸ್‌ನಲ್ಲಿ ಬೆಳಿಗ್ಗೆ ಆರು ಗಂಟೆಗೆ ಎರಡು ನಿಮಿಷ ಇತ್ತು. ಅಲೆ ಬಂದಿದ್ದು ಒಂಬತ್ತೂ ಕಾಲರ ಆಸುಪಾಸಿಗೆ. ಮೂರು ಗಂಟೆಗೂ ಜಾಸ್ತಿ ಹೊತ್ತು! ಆ ಮೂರು ಗಂಟೆಯಲ್ಲಿ ದ್ವೀಪಗಳ ಜನಕ್ಕೆ ಯಾರೂ ಏನೂ ಹೇಳಲಿಲ್ಲ, ಯಾಕೆಂದರೆ ಹಿಂದೂ ಮಹಾಸಾಗರಕ್ಕೆ ಆಗ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ಸತ್ತವರು, ಕಾಣೆಯಾದವರು ಸೇರಿ ನೂರಕ್ಕೂ ಜಾಸ್ತಿ. ದೇಶಕ್ಕೆ ಆದ ನಷ್ಟ ಅದರ ಒಂದು ವರ್ಷದ ಒಟ್ಟು ಉತ್ಪನ್ನದ ಸುಮಾರು 62%. ಒಂದೇ ಬೆಳಿಗ್ಗೆ ದೇಶದ ಅರ್ಧಕ್ಕೂ ಹೆಚ್ಚು ವರ್ಷದ ದುಡಿಮೆ ಹೋಯಿತು. ಇದನ್ನು ನಾನು ಎಷ್ಟು ಸಲ ಹೇಳಿದರೂ ಗಂಟಲು ಕಟ್ಟುತ್ತದೆ.

ಹಾಗಿದ್ದರೂ ಅದೇ ದಿನ ಶ್ರೀಲಂಕಾದಲ್ಲಿ 30,000ಕ್ಕೂ ಹೆಚ್ಚು ಜನ ಹೋದರು. ಇಷ್ಟು ತಗ್ಗಾದ ಮಾಲ್ಡೀವ್ಸ್ ಯಾಕೆ ಉಳಿಯಿತು? ಸುನಾಮಿ ಎತ್ತರವಾಗುವುದು ಸಮುದ್ರದ ತಳ ನಿಧಾನವಾಗಿ ಮೇಲೇರುತ್ತಾ ಬರುವ ಕಡೆ. ನೀರು ತಳಕ್ಕೆ ತಾಗಿ ನಿಧಾನವಾಗುತ್ತದೆ, ಹಿಂದಿನ ನೀರು ಬಂದು ಅದರ ಮೇಲೆ ಪೇರಿಕೊಳ್ಳುತ್ತದೆ. ನಿಮ್ಮ ಅಟಾಲ್‌ಗಳು, ಅಂದರೆ ಉಂಗುರದ ಹಾಗೆ ಸೇರಿರುವ ಹವಳದ ದ್ವೀಪಗಳ ಗುಂಪುಗಳು, ಹಾಗಲ್ಲ. ಆಳ ಸಮುದ್ರದಿಂದ ಕಂಬದ ಹಾಗೆ ನೆಟ್ಟಗೆ ಎದ್ದಿವೆ. ಅಲೆಗೆ ಬೆಳೆಯಲು ಜಾಗವೇ ಸಿಗದೆ ದ್ವೀಪಗಳ ಸಂದಿಯಲ್ಲಿ ದಾಟಿಹೋಯಿತು. ಮಾಲೆ ವಿಮಾನ ನಿಲ್ದಾಣದ ಹತ್ತಿರದ ಅಳತೆಯಲ್ಲಿ ಅದು ಸುಮಾರು ಒಂದೂವರೆ ಮೀಟರ್ ಇತ್ತು, ಕೆಲವು ದ್ವೀಪಗಳಲ್ಲಿ ಅದಕ್ಕಿಂತ ಜಾಸ್ತಿ. ಗೋಡೆಯಂಥ ಅಲೆ ಅಲ್ಲ, ತಡೆಯಿಲ್ಲದೆ ಏರುತ್ತಾ ಬರುವ ನೀರು. ಅಂಥ ನೀರಿನಲ್ಲಿ ಒಂದು ಮಹಡಿ ಮೇಲೆ ಇದ್ದವನು ಬದುಕುತ್ತಾನೆ, ನೆಲದ ಮೇಲೆ ಇದ್ದ ಮಗು ಕೊಚ್ಚಿ ಹೋಗುತ್ತದೆ. ನಿಮ್ಮ ಅರ್ಧ ಉತ್ತರ ಇಲ್ಲೇ ಇದೆ.

ಇಂಡೋನೇಷ್ಯಾದ ಸಿಮೆಉಲು ದ್ವೀಪದ ಬಗ್ಗೆ ಮಕ್ಕಳಿಗೆ ಹೇಳಿ. ಅಲ್ಲಿ 1907ರಲ್ಲಿ ಸುನಾಮಿ ಬಂದು ತುಂಬಾ ಜನ ಸತ್ತಿದ್ದರು. ಅಂದಿನಿಂದ ಅಜ್ಜಿಯರು ‘ಸ್ಮೋಂಗ್’ ಅನ್ನುವ ಒಂದೇ ಶಬ್ದವನ್ನು ಮಕ್ಕಳಿಗೆ ಕಲಿಸುತ್ತಾ ಬಂದರು. ಭೂಮಿ ಜೋರಾಗಿ ನಡುಗಿತಾ, ಸಮುದ್ರ ಹಿಂದೆ ಸರಿಯಿತಾ, ಸ್ಮೋಂಗ್ ಅಂತ ಕೂಗಿ ಗುಡ್ಡ ಹತ್ತಬೇಕು. 2004ರಲ್ಲಿ ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರ ಇದ್ದರೂ, ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ.

ಆದರೆ ಅದನ್ನು ಹಾಗೇ ತಂದು ನಿಮ್ಮ ಶಾಲೆಯಲ್ಲಿ ಕಲಿಸಬೇಡಿ. ಇಲ್ಲೇ ತುಂಬಾ ಜನ ತಪ್ಪುತ್ತಾರೆ. ಸುಮಾತ್ರಾ ನಿಮ್ಮಿಂದ ಸುಮಾರು 2,500 ಕಿಲೋಮೀಟರ್ ದೂರ, ಭೂಮಿ ನಡುಗುವುದು ನಿಮಗೆ ಗೊತ್ತೇ ಆಗದೆ ಹೋಗಬಹುದು. ಸಮುದ್ರ ಹಿಂದೆ ಸರಿಯುವುದೂ ಖಾತ್ರಿ ಇಲ್ಲ. 2004ರಲ್ಲಿ ಸುಮಾತ್ರಾದ ಪಶ್ಚಿಮಕ್ಕೆ ಹೋದ ಅಲೆಯಲ್ಲಿ ಮೊದಲು ಬಂದಿದ್ದು ಏರು, ಇಳಿತ ಅಲ್ಲ. ಮಾಲ್ಡೀವ್ಸ್‌ನಲ್ಲಿ ನೀರು ಮೊದಲೇ ಏರಿತು. ‘ಸಮುದ್ರ ಒಣಗಿದರೆ ಓಡು’ ಅಂತ ಮಾತ್ರ ಕಲಿತ ಮಗು ಅದನ್ನೇ ಕಾಯುತ್ತಾ ನಿಂತುಬಿಡುತ್ತದೆ. ಮತ್ತೆ, ಓಡಲು ಗುಡ್ಡ ಎಲ್ಲಿದೆ? ದೇಶದ 80% ನೆಲ ಸಮುದ್ರಮಟ್ಟದಿಂದ ಒಂದು ಮೀಟರ್ ಒಳಗೇ ಇದೆ.

ಹಾಗಾದರೆ ನಿಮ್ಮ ಮಕ್ಕಳಿಗೆ ಕಲಿಸಬೇಕಾದದ್ದು ಎರಡೇ. ಸುದ್ದಿ ಬಂದ ಕೂಡಲೇ ನಂಬಿ ಹೊರಡುವುದು, ಮತ್ತೆ ಮಹಡಿ ಹತ್ತುವುದು. ಈಗ ಸುದ್ದಿ ಬರುತ್ತದೆ. ಹೈದರಾಬಾದ್‌ನ ಇನ್‌ಕಾಯ್ಸ್, ಅಂದರೆ ಭಾರತದ ಸಾಗರ ಮಾಹಿತಿ ಕೇಂದ್ರ, 2007ರಿಂದ ಸುನಾಮಿ ಎಚ್ಚರಿಕೆ ಕೊಡುತ್ತಿದೆ. ಭಾರತ, ಆಸ್ಟ್ರೇಲಿಯಾ, ಇಂಡೋನೇಷ್ಯಾ ಮೂರೂ ಸೇರಿ ಹಿಂದೂ ಮಹಾಸಾಗರದ ದೇಶಗಳಿಗೆಲ್ಲ ಮಾಹಿತಿ ಕಳಿಸುತ್ತವೆ. ಹೈದರಾಬಾದ್‌ನಿಂದ ಮಾಲೆಗೆ ಬರಲು ನಿಮಿಷಗಳು ಸಾಕು. ತೊಂದರೆ ಇರುವುದು ಕೊನೆಯ ಒಂದು ಕಿಲೋಮೀಟರ್‌ನಲ್ಲಿ. ರಾತ್ರಿ ಎರಡು ಗಂಟೆಗೆ ದ್ವೀಪದ ಕೌನ್ಸಿಲ್ ಕಚೇರಿಯಲ್ಲಿ ಫೋನ್ ಎತ್ತುವವರು ಯಾರು? ಟವರ್ ಬಿದ್ದರೆ ಏನು? ಮಸೀದಿಯ ಮೈಕಿಗೆ ಕರೆಂಟ್ ಇಲ್ಲದಿದ್ದರೆ ಏನು? ಮನೆ ಮನೆ ಬಾಗಿಲು ತಟ್ಟುವ ಹುಡುಗರ ಹೆಸರು ಯಾವುದು, ಯಾರಿಗೆ ಯಾವ ಬೀದಿ? ಇದೆಲ್ಲ ಬರೆದು ಇಟ್ಟಿರಬೇಕು. ವರ್ಷಕ್ಕೆ ಎರಡು ಸಲ ಆಡಿಯೂ ನೋಡಬೇಕು.

ಇನ್ನೊಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ನಿಮ್ಮ ದ್ವೀಪದಲ್ಲಿ ಕಟ್ಟಡ ಕೆಲಸಕ್ಕೆ ಬಂದ ಬಾಂಗ್ಲಾದೇಶದ ಹುಡುಗರು ಇರುತ್ತಾರೆ, ಖಂಡಿತ. ಬಂದರಿನ ಪಕ್ಕದ ತಗಡಿನ ಶೆಡ್‌ನಲ್ಲಿ ಮಲಗುತ್ತಾರೆ. ಎಚ್ಚರಿಕೆ ದಿವೆಹಿ ಭಾಷೆಯಲ್ಲಿ ಬರುತ್ತದೆ. ಅವರಿಗೆ ಯಾರು ಹೇಳುತ್ತಾರೆ? ನೀವೂ ಹೊರಗಿನವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ದಯವಿಟ್ಟು ಆ ಪಟ್ಟಿಯಲ್ಲಿ ಅವರ ಶೆಡ್ ಕೂಡ ಸೇರಿಸಿ. ಬಾಂಗ್ಲಾ ಭಾಷೆಯಲ್ಲಿ ನಾಲ್ಕು ಸಾಲು ಬರೆಸಿ ಅಲ್ಲಿ ಅಂಟಿಸಿ.

ಮಹಡಿ ಅಂದೆ. ಬಹುಶಃ ಊರಲ್ಲಿ ಎರಡು ಮಹಡಿಯ ಗಟ್ಟಿ ಕಟ್ಟಡ ಅಂದರೆ ನಿಮ್ಮ ಶಾಲೆಯೇ ಇರಬಹುದು. ಹಾಗಿದ್ದರೆ ಮೇಲಿನ ಮಹಡಿಯ ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇರಬಾರದು. ಮೂರು ಮನೆಯಲ್ಲಿ ಇರಲಿ. ಮೇಲೆ ಕುಡಿಯುವ ನೀರು, ಟಾರ್ಚ್, ಔಷಧಿ ಡಬ್ಬ, ಹಗ್ಗ ಇರಲಿ. ಸುನಾಮಿ ಒಂದೇ ಅಲೆ ಅಲ್ಲ, ಗಂಟೆಗಟ್ಟಲೆ ಬರುತ್ತಾ ಹೋಗುತ್ತಾ ಇರುತ್ತದೆ. ಮೊದಲ ನೀರು ಇಳಿಯಿತು ಅಂತ ಕೆಳಗೆ ಬಂದವರನ್ನು ಎರಡನೆಯದು ಕೊಂಡೊಯ್ಯಬಹುದು. ಎಲ್ಲ ಮುಗಿಯಿತು ಅಂತ ಅಧಿಕಾರಿಗಳು ಹೇಳುವ ತನಕ ಇಳಿಯಬಾರದು. ದೋಣಿಯವರಿಗೆ ಬೇರೆ ಮಾತು. ಆಳ ಸಮುದ್ರದಲ್ಲಿ ಇದ್ದರೆ ಅಲ್ಲೇ ಇರಲಿ, ಬಂದರಿಗೆ ಬರುವುದು ಬೇಡ.

ಈಗ ನೀರು. ಸುನಾಮಿ ಆದ ಮೇಲೆ ಮಾಲ್ಡೀವ್ಸ್ ಜನ ಜಾಸ್ತಿ ದಿನ ಒದ್ದಾಡಿದ್ದು ಇದರಲ್ಲೇ. ನಿಮ್ಮ ದ್ವೀಪದ ಬಾವಿಯಲ್ಲಿ ಇರುವುದು ಬಿದ್ದ ಮಳೆಯ ನೀರು. ಅದು ಕೆಳಗಿನ ಉಪ್ಪುನೀರಿನ ಮೇಲೆ, ಹಾಲಿನ ಮೇಲಿನ ಕೆನೆ ತರಹ ತೇಲುತ್ತಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಪುಸ್ತಕದ ಲೆಕ್ಕದಲ್ಲಿ, ಬಾವಿಯ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ನಿಜದಲ್ಲಿ ಎರಡೂ ಬೆರೆಯುವುದರಿಂದ ಅದಕ್ಕಿಂತ ಕಡಿಮೆ. ಇದನ್ನೇ ತಿರುಗಿಸಿ ನೋಡಿ. ಪಂಪು ಹಾಕಿ ಬಾವಿಯ ಮಟ್ಟವನ್ನು ಸ್ವಲ್ಪ ಇಳಿಸಿದರೂ ಕೆಳಗಿನಿಂದ ಉಪ್ಪು ಅದರ ನಲವತ್ತು ಪಟ್ಟು ಮೇಲೆ ಬರುತ್ತದೆ.

ಅದಕ್ಕೇ ಸಮುದ್ರದ ನೀರು ನುಗ್ಗಿದ ಮೇಲೆ ಜನ ಮಾಡುವ ಮೊದಲ ಕೆಲಸವೇ ತಪ್ಪಾಗುತ್ತದೆ. ಬಾವಿ ಖಾಲಿ ಮಾಡಿ ತೊಳೆಯೋಣ ಅಂತ ದೊಡ್ಡ ಪಂಪು ಇಡುತ್ತಾರೆ. ಊರಲ್ಲಿ ನಮ್ಮ ಬಾವಿಯಾದರೆ ಸರಿ, ಅಲ್ಲಿ ಬೇಡ. ಮೇಲಿನ ಕೊಳಕು ನೀರನ್ನು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಉಳಿದದ್ದನ್ನು ಮಳೆ ಸರಿ ಮಾಡುತ್ತದೆ, ತಿಂಗಳುಗಳು ಬೇಕಾಗುತ್ತವೆ. ಅಷ್ಟರಲ್ಲಿ ಶೌಚದ ಗುಂಡಿಗಳೂ ಉಕ್ಕಿ ಬಾವಿಗೆ ಸೇರಿರುತ್ತವೆ, ಆದ್ದರಿಂದ ಆ ನೀರು ಕುಡಿಯುವ ಮಾತೇ ಇಲ್ಲ.

ಕುಡಿಯಲು ಇರುವುದು ಮಳೆನೀರಿನ ಟ್ಯಾಂಕ್. ಸುನಾಮಿಯ ನಂತರ ಮನೆ ಮನೆಗೆ ಪ್ಲಾಸ್ಟಿಕ್ ಟ್ಯಾಂಕ್ ಹಂಚಿದ್ದು ಅದಕ್ಕೇ. ನಿಮ್ಮ ಶಾಲೆಯ ಟ್ಯಾಂಕ್ ನೆಲದ ಮೇಲೆ ಸುಮ್ನೆ ಕೂತಿದೆಯಾ, ಕಟ್ಟೆ ಮೇಲೆ ಇದೆಯಾ? ಖಾಲಿ ಟ್ಯಾಂಕ್ ಒಂದಡಿ ನೀರಿಗೇ ತೇಲಿ ಹೋಗುತ್ತದೆ. ಕಟ್ಟೆ ಕಟ್ಟಿಸಿ, ಪಟ್ಟಿ ಹಾಕಿ ಬಿಗಿಸಿ, ಮುಚ್ಚಳ ಭದ್ರವಾಗಿರಲಿ. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಇದೆಯಲ್ಲ ಅನ್ನುವವರಿಗೆ 2014ರ ಡಿಸೆಂಬರ್ ನೆನಪಿಸಿ. ಮಾಲೆಯ ಅಂಥ ಘಟಕಕ್ಕೆ ಬೆಂಕಿ ಬಿದ್ದು ಒಂದು ಲಕ್ಷಕ್ಕೂ ಹೆಚ್ಚು ಜನಕ್ಕೆ ನೀರು ನಿಂತುಹೋಯಿತು. ಭಾರತದಿಂದ ವಿಮಾನದಲ್ಲಿ, ನೌಕಾಪಡೆಯ ಹಡಗಿನಲ್ಲಿ ನೀರು ಕಳಿಸಬೇಕಾಯಿತು. ಸಮುದ್ರ ಉಕ್ಕಲಿಲ್ಲ, ಗಾಳಿ ಬೀಸಲಿಲ್ಲ, ಒಂದು ಬೆಂಕಿ ಸಾಕಾಯಿತು. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಹೀಗಾಗುತ್ತದೆ.

ಇನ್ನು ಗೋಡೆಗೆ ಬರುತ್ತೇನೆ.

ಮಾಲೆಯ ಗೋಡೆ 1987ರ ಆ ಉದದ ನಂತರ ಜಪಾನ್ ಕೊಟ್ಟ ಹಣದಲ್ಲಿ, ಹದಿನೈದು ವರ್ಷದ ಅವಧಿಯಲ್ಲಿ ಹಂತ ಹಂತವಾಗಿ ಆದದ್ದು. ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳು, ನೀವೂ ನೋಡಿರುತ್ತೀರಿ. 2004ರಲ್ಲಿ ಅದು ರಾಜಧಾನಿಗೆ ನಿಜವಾಗಿಯೂ ಸಹಾಯ ಮಾಡಿತು, ಹಾಗಿದ್ದೂ ನೀರು ಒಳಗೆ ಬಂತು. ಆದರೆ ಮಾಲೆಗೆ ಬೇರೆ ದಾರಿ ಇರಲಿಲ್ಲ. ಅಲ್ಲಿ ಹವಳದಿಬ್ಬದ ಅಂಚಿನ ತನಕ ಮಣ್ಣು ತುಂಬಿ ಕಟ್ಟಡ ಕಟ್ಟಿಯಾಗಿತ್ತು. ದಡವೇ ಉಳಿದಿಲ್ಲದ ಊರಿಗೆ ಗೋಡೆ ಬಿಟ್ಟರೆ ಏನಿದೆ? ನಿಮ್ಮ ದ್ವೀಪಕ್ಕೆ ಇನ್ನೂ ದಡ ಇದೆ.

ಆ ದಡ ನಿಂತ ನೆಲ ಅಲ್ಲ. ಮಾಲ್ಡೀವ್ಸ್‌ನಲ್ಲಿ ‘ಹುಳಂಗು’ ಅಂದರೆ ನೈಋತ್ಯ ಮಾರುತದ ಕಾಲ, ‘ಇರುವೈ’ ಅಂದರೆ ಈಶಾನ್ಯದ್ದು. ಒಂದರಲ್ಲಿ ಮರಳು ದ್ವೀಪದ ಒಂದು ಬದಿಗೆ ಹೋಗುತ್ತದೆ, ಇನ್ನೊಂದರಲ್ಲಿ ತಿರುಗಿ ಬರುತ್ತದೆ. ದ್ವೀಪ ಉಸಿರಾಡುತ್ತದೆ ಅಂದುಕೊಳ್ಳಿ. ಈ ದಾರಿಗೆ ಅಡ್ಡವಾಗಿ ಬಂದರಿನ ಕಲ್ಲುಕಟ್ಟೆ ಹಾಕಿದರೆ ಮರಳು ಒಂದು ಬದಿ ಸಿಕ್ಕಿಕೊಳ್ಳುತ್ತದೆ, ಮತ್ತೊಂದು ಬದಿ ಹಸಿದು ಕೊರೆಯುತ್ತಾ ಹೋಗುತ್ತದೆ. ಊರಿನ ಅಳಿವೆಬಾಗಿಲಲ್ಲಿ ಕಲ್ಲು ಹಾಕಿದಾಗ ಪಕ್ಕದವರ ದಡ ಹೋಯಿತಲ್ಲ, ಅದೇ ಲೆಕ್ಕ. ನಿಮ್ಮ ಪಶ್ಚಿಮದ ತೆಂಗಿನಮರಗಳು ಬೀಳುತ್ತಿರುವುದು ಸಮುದ್ರ ಏರಿದ್ದಕ್ಕೆ ಮಾತ್ರ ಅಂತ ಈಗಲೇ ಒಪ್ಪಬೇಡಿ. ಬಂದರು ಯಾವ ವರ್ಷ ಕಟ್ಟಿದರು, ಮರ ಬೀಳಲು ಶುರುವಾಗಿದ್ದು ಯಾವ ವರ್ಷ, ಹಿರಿಯರನ್ನು ಕೇಳಿ.

ಸುತ್ತ ಗೋಡೆ ಹಾಕಿದರೆ ಈ ಓಡಾಟವೇ ನಿಲ್ಲುತ್ತದೆ. ಅಲೆ ಗೋಡೆಗೆ ಬಡಿದು ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಮೇಲಿಂದ ಹಾರಿ ಒಳಗೆ ಬಿದ್ದ ನೀರು ಹೊರಗೆ ಹೋಗದೆ ನಿಲ್ಲುತ್ತದೆ, ಜೋರು ಮಳೆಯ ನೀರೂ ಅಷ್ಟೇ, ಮತ್ತೆ ಅದು ಬಾವಿಗೆ ಇಳಿಯುತ್ತದೆ. ಹಣ ತಂದವರು ಒಂದು ಸಲ ತರುತ್ತಾರೆ. ಹತ್ತು ವರ್ಷದ ನಂತರ ರಿಪೇರಿಗೆ ಯಾರು ತರುತ್ತಾರೆ?

ನಿಮ್ಮ ನಿಜವಾದ ಗೋಡೆ ನೀರಿನ ಒಳಗೆ ಇದೆ. ಜಗತ್ತಿನ ಬೇರೆ ಬೇರೆ ಕಡೆಯ ಅಳತೆಗಳನ್ನು ಒಟ್ಟಿಗೆ ಇಟ್ಟು 2014ರಲ್ಲಿ ಲೆಕ್ಕ ಹಾಕಿದಾಗ, ಹವಳದಿಬ್ಬ ಅಲೆಯ ಶಕ್ತಿಯ ಸರಾಸರಿ 97% ಅನ್ನು ತಾನೇ ತಿನ್ನುತ್ತದೆ ಅಂತ ಗೊತ್ತಾಯಿತು. ದಿಬ್ಬ ಬರೀ ತಡೆಯುವುದಿಲ್ಲ, ದ್ವೀಪಕ್ಕೆ ಮರಳನ್ನೂ ಅದೇ ಕೊಡುತ್ತದೆ. ಮಾಲ್ಡೀವ್ಸ್‌ನದೇ ವಕ್ಕರು ದ್ವೀಪದ ಸುತ್ತ ಅಳೆದು ನೋಡಿದಾಗ ಹೊಸದಾಗಿ ಹುಟ್ಟುವ ಮರಳಿನ 85%ಕ್ಕೂ ಜಾಸ್ತಿ ಗಿಳಿಮೀನುಗಳಿಂದ ಬರುತ್ತಿತ್ತು. ಅವು ಹವಳದ ಬಂಡೆ ಕೆರೆದು ತಿಂದು, ಪುಡಿಯಾಗಿ ಹೊರಗೆ ಹಾಕುತ್ತವೆ. ನೀವು ನಡೆಯುವ ಬಿಳಿ ಮರಳು ಬಹುಪಾಲು ಮೀನಿನ ಹೊಟ್ಟೆಯಿಂದ ಬಂದದ್ದು! ಇದನ್ನು ಮಕ್ಕಳಿಗೆ ಹೇಳಿ ನೋಡಿ, ಅವರು ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾರೆ.

1998ರಲ್ಲಿ, ಮತ್ತೆ 2016ರಲ್ಲಿ ಸಮುದ್ರ ಬಿಸಿಯಾಗಿ ಮಾಲ್ಡೀವ್ಸ್‌ನ ಹವಳ ಬಿಳಿಚಿ ತುಂಬಾ ಸತ್ತಿತು. ಆ ಬಿಸಿ ತಡೆಯುವುದು ನಿಮ್ಮ ದ್ವೀಪದ ಕೈಯಲ್ಲಿ ಇಲ್ಲ, ಅದಕ್ಕೆ ಕಾರಣ ಅವರೂ ಅಲ್ಲ. ಇದು ನನಗೆ ತುಂಬಾ ಅನ್ಯಾಯ ಅನಿಸುತ್ತದೆ. ಆದರೆ ಉಳಿದ ಹವಳದ ಮೇಲೆ ಡ್ರೆಜರ್ (ಸಮುದ್ರದ ತಳ ಅಗೆಯುವ ಯಂತ್ರ) ಎಬ್ಬಿಸುವ ಹೂಳು ಬೀಳದಂತೆ, ಕೊಳಚೆ ಹೋಗದಂತೆ, ಗಿಳಿಮೀನು ಹಿಡಿಯದಂತೆ ನೋಡಿಕೊಳ್ಳುವುದು ಅವರ ಕೈಯಲ್ಲಿದೆ. ದಡದ ಗಿಡಗಳೂ ಅಷ್ಟೇ. ಸಮುದ್ರ ಕಾಣಲಿ ಅಂತ ಕೇದಗೆ ಪೊದೆ ಕಡಿಯುವುದು, ಎಲೆ ಗುಡಿಸಿ ಸ್ವಚ್ಛ ಮಾಡುವುದು ಬೇಡ. ಆ ಪೊದೆಯ ಬುಡದಲ್ಲೇ ಮರಳು ಸೇರಿ ದಿಣ್ಣೆ ಎತ್ತರವಾಗುವುದು.

ಎಲ್ಲ ಮಾಡಿಯೂ ಉಳಿಯದ ಜಾಗಗಳಿವೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ರಾ ಅಟಾಲ್‌ನ ಕಂದೊಳುದೂ ದ್ವೀಪದಲ್ಲಿ ಮನೆಗಳು ಒತ್ತೊತ್ತಾಗಿದ್ದವು. ಸುನಾಮಿಯ ನಂತರ ಅಲ್ಲಿ ವಾಸ ಸಾಧ್ಯವಾಗಲಿಲ್ಲ. ರೆಡ್‌ಕ್ರಾಸ್ ನೆರವಿನಲ್ಲಿ ಖಾಲಿಯಿದ್ದ ದುವಾಫರು ದ್ವೀಪದಲ್ಲಿ 600 ಮನೆ ಕಟ್ಟಿ ಊರಿಗೆ ಊರನ್ನೇ ಸಾಗಿಸಿದರು. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ನಾಲ್ಕು ವರ್ಷ ಬೇರೆ ಬೇರೆ ದ್ವೀಪಗಳಲ್ಲಿ ತಾತ್ಕಾಲಿಕ ಮನೆ. ಅಂಥ ಮಾತು ನಿಮ್ಮ ದ್ವೀಪಕ್ಕೆ ಬರುವುದಾದರೆ ನೀರು ಬಂದ ಮೇಲೆ ಅಲ್ಲ, ಶಾಂತವಾಗಿ ಕೂತು ಮಾತಾಡುವ ಕಾಲದಲ್ಲೇ ಬರಲಿ.

ನೀವು ಏನು ಮಾಡಬಹುದು ಅಂತ ಕೇಳಿದ್ದೀರಿ. ಮೇಲೆ ಹೇಳಿದ್ದಲ್ಲದೆ ಒಂದು ಕೆಲಸ ಇದೆ, ಅದನ್ನು ಶಾಲೆ ಮಾತ್ರ ಮಾಡಬಲ್ಲದು. ದಡದ ಸುತ್ತ ಎಂಟು ಹತ್ತು ಕಡೆ ಗೂಟ ಹೊಡೆಸಿ. ಗಿಡದ ಸಾಲಿನ ಹಿಂದೆ, ಅಲೆ ಮುಟ್ಟದ ಕಡೆ. ಪ್ರತಿ ತಿಂಗಳು ಮಕ್ಕಳು ಹಗ್ಗ ಹಿಡಿದು ಗೂಟದಿಂದ ಮರಳಿನ ಅಂಚಿಗೆ ಎಷ್ಟು ಅಂತ ಅಳೆಯಲಿ, ಅದೇ ಜಾಗದಿಂದ ಒಂದು ಫೋಟೋ ತೆಗೆಯಲಿ. ಇಳಿತದ ಹೊತ್ತಿಗೇ ಅಳೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಎರಡು ವರ್ಷದ ಅಳತೆ ಕೈಯಲ್ಲಿದ್ದರೆ ಗೋಡೆ ಕಟ್ಟಲು ಬರುವ ಯಾವ ಎಂಜಿನಿಯರ್ ಆದರೂ ನಿಮ್ಮ ಮಕ್ಕಳ ಪುಸ್ತಕ ಕೇಳಲೇಬೇಕು.

ತಿಂಗಳ ಲೆಕ್ಕಕ್ಕಿಂತ ಅಲ್ಲಿನ ‘ನಕೈ’ ಲೆಕ್ಕದಲ್ಲಿ ಬರೆದರೆ ಹಿರಿಯರೂ ಸೇರಿಕೊಳ್ಳುತ್ತಾರೆ. ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ 27 ನಕೈ. ಅಸ್ಸಿದ, ಬುರುನು, ಕೆತಿ, ರೋನು ಅಂತ ಶುರುವಾಗುತ್ತದೆ. ನಮ್ಮ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳೇ ಅವು! ನಿಮ್ಮ ಅಜ್ಜ ಆರಿದ್ರ ಮಳೆ ಲೆಕ್ಕ ಹಾಕುತ್ತಿದ್ದ ಹಾಗೇ ಅಲ್ಲಿನ ಮೀನುಗಾರರು ಗಾಳಿ, ಅಲೆ, ಮೀನು ಲೆಕ್ಕ ಹಾಕುತ್ತಾ ಬಂದಿದ್ದಾರೆ. ಯಾವ ನಕೈಯಲ್ಲಿ ಯಾವ ದಡ ಕೊರೆಯುತ್ತದೆ ಅಂತ ಅವರಿಗೆ ಬಾಯಲ್ಲೇ ಇರುತ್ತದೆ. ಕೇಳಿ ಬರೆದುಕೊಳ್ಳಿ, ಆಮೇಲೆ ಹಗ್ಗದ ಅಳತೆ ಜೊತೆ ಹೋಲಿಸಿ.

ಅಮ್ಮನಿಗೆ ಹೀಗೆ ಹೇಳಿ. ಉದ ಬಂದರೆ ಮೊಣಕಾಲು ನೀರು, ಮುಂಚೆ ಗೊತ್ತಾಗುತ್ತದೆ. ಭೂಮಧ್ಯರೇಖೆ ಹತ್ತಿರ ಇರುವುದರಿಂದ ದೊಡ್ಡ ಚಂಡಮಾರುತ ಅಲ್ಲಿಗೆ ಬರುವುದು ಅಪರೂಪ. ಸುನಾಮಿಗೆ ಗಂಟೆಗಳ ಸಮಯ ಇದೆ, ಮಹಡಿ ಇದೆ. ನೀವು ಮಲಗುವ ಕೋಣೆ ಮೇಲಿನ ಮಹಡಿಯಲ್ಲಿ ಇದ್ದರೆ ಇನ್ನೂ ಒಳ್ಳೆಯದು, ಬದಲಾಯಿಸಿಕೊಳ್ಳಲು ಆಗುತ್ತದಾ ನೋಡಿ. ಪಾಸ್‌ಪೋರ್ಟ್, ಸರ್ಟಿಫಿಕೇಟ್, ಸ್ವಲ್ಪ ದುಡ್ಡು ನೀರು ಹೋಗದ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ. ಇಷ್ಟು ಇದ್ದರೆ ಸದ್ಯಕ್ಕೆ ಬಿಟ್ಟು ಬರುವ ಕಾರಣ ನನಗೆ ಕಾಣುವುದಿಲ್ಲ.

ಬಂದರಿನ ಎರಡೂ ಬದಿಯ ಫೋಟೋ ಕಳಿಸಿ, ಇಳಿತದ ಹೊತ್ತಿಗೆ ತೆಗೆದದ್ದು. ಮರಳು ಯಾವ ಕಡೆ ಸೇರಿದೆ ಅಂತ ನೋಡಿದರೆ ತೆಂಗಿನಮರದ ವಿಷಯ ಅರ್ಧ ತಿಳಿಯುತ್ತದೆ.